ಹಡಗಿನಲ್ಲಿ ಅಲಕಾ, ದಂಡೆಯಲ್ಲಿ ಧರಣೇಂದ್ರ

ಹನಿ ಹನಿ ನೀರು ಹಾಯಿಸುವ ಪೈಪು ಮಾರಿ ಹೊಟ್ಟೆ ಹೊರೆಯುವವನಿಗೆ ಇದ್ದಕ್ಕಿದ್ದಂತೆ ಒಂದು ದಿನ ಇಡೀ ಸಮುದ್ರವನ್ನೇ ಬಕ್ಷೀಸು ಕೊಟ್ಟರೆ ಅವನ ಗತಿ ಏನಾಗಬೇಡ? ಮಿರಜಿನ ನಮ್ಮ ಧರಣೇಂದ್ರನಿಗೆ ಆದದ್ದು ಅದೇ.

ಅವನ ಅಂಗಡಿಗೂ ನನ್ನ ಬೆಲ್ಲದ ಅಂಗಡಿಗೂ ನಡುವೆ ಒಂದೇ ಗೋಡೆ. ಮಾಲಗಾಂವ ಕಡೆಯ ದ್ರಾಕ್ಷಿ ತೋಟಗಳಿಗೆಲ್ಲ ಡ್ರಿಪ್ ಪೈಪು ಹೋಗುವುದು ಇವನ ಅಂಗಡಿಯಿಂದಲೇ. ಅವನು ಜೈನ, ನಾನು ಲಿಂಗಾಯತ. ಅವನು ಹೊತ್ತು ಮುಳುಗುವುದರೊಳಗೆ ಉಂಡು ಕೈತೊಳೆದಿರುತ್ತಾನೆ. ನನ್ನ ಅಂಗಡಿಗೆ ಈರುಳ್ಳಿಯ ಕಾಂದಾಭಜಿ ಬರುವುದೇ ಹೊತ್ತು ಮುಳುಗಿದ ಮೇಲೆ. ಇದೊಂದನ್ನು ಬಿಟ್ಟರೆ ನಮ್ಮಿಬ್ಬರ ನಡುವೆ ಇವತ್ತಿನವರೆಗೆ ಯಾವ ಭೇದವೂ ಬಂದಿಲ್ಲ.

ಈ ವರ್ಷ ಅವನ ಕಂಪನಿಯವರು, ಹೆಚ್ಚು ಮಾಲು ಮಾರಿದ ಡೀಲರುಗಳಿಗೆ ಜೋಡಿಯಾಗಿ ಹಡಗಿನ ಪ್ರವಾಸ ಎಂದು ಸಾರಿದರು. ಮುಂಬಯಿಯಲ್ಲಿ ಹತ್ತುವುದು, ಗೋವಾ ಮತ್ತು ಮಂಗಳೂರಿನಲ್ಲಿ ಇಳಿದು ಊರು ನೋಡುವುದು, ತಿರುಗಿ ಮುಂಬಯಿಗೆ ಬರುವುದು. ಧರಣೇಂದ್ರನ ಹೆಸರು ಬಂತು. ಅಂದಿನಿಂದ ಅವನು ನೆಲದ ಮೇಲೆ ನಿಲ್ಲಲೇ ಇಲ್ಲ. ಸಾಂಗ್ಲಿವಾಡಿಗೆ ಹೋಗುವಾಗ ಕೃಷ್ಣೆಯ ಸೇತುವೆಯ ಮೇಲೆ ಕೆಳಗೆ ನೋಡಿದರೆ ತಲೆ ತಿರುಗುತ್ತದೆಂದು ಕಣ್ಣು ಮುಚ್ಚಿಕೊಳ್ಳುವ ಈ ಗಂಡಸು, ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿ, ಹಡಗೆಂದರೆ ಏನೆಂದು ಇಡೀ ಮಾರುಕಟ್ಟೆಗೆ ಪಾಠ ಹೇಳತೊಡಗಿದ.

"ಭೂಮಿಮ್ಯಾಗ ಇದ್ದಂಗ ಇರತದ್ರಿ. ಹಾಲು ತುಂಬಿದ ಬಟ್ಟಲಾ ಇಟ್ಟರ ತುಳುಕೂದಿಲ್ಲ," ಎನ್ನುತ್ತಿದ್ದ, ತಾನೇ ಇಟ್ಟು ನೋಡಿದವನಂತೆ.

ಆದರೆ ನಿಜವಾಗಿ ಖುಷಿಪಟ್ಟವಳು ಅವನ ಹೆಂಡತಿ ಅಲಕಾ ವೈನಿ. ಅವಳು ಸಾಂಗ್ಲಿವಾಡಿಯ ಮಗಳು. ಪಂಚಮಿಗೆ ಕೈ ಕೈ ಹಿಡಿದು ಗಿರಗಿರ ತಿರುಗುವ ಫುಗಡಿ ಆಡಲು ನಿಂತರೆ ಎದುರಿನವಳ ಕೈ ಸೋಲಬೇಕೇ ಹೊರತು ಇವಳ ಕಾಲು ಸೋಲುತ್ತಿರಲಿಲ್ಲವಂತೆ. ಚಿಕ್ಕವಳಿದ್ದಾಗ ನದಿಯ ದಂಡೆಯಲ್ಲಿ ನಿಂತು, ಈ ನೀರೆಲ್ಲ ಎಲ್ಲಿಗೆ ಹೋಗತದ ಎಂದು ಅಪ್ಪನನ್ನು ಕೇಳಿದ್ದಳು. ಸಮುದ್ರಕ್ಕೆ ಎಂದು ಅವರು ಹೇಳಿದ್ದೇ ತಡ, ಸಮುದ್ರದ ಆಸೆ ಮನಸ್ಸು ಹೊಕ್ಕಿತು. ಮದುವೆಯಾಯಿತು, ಮಕ್ಕಳಾದವು, ಆ ಮಕ್ಕಳಿಗೂ ಮದುವೆಯಾಯಿತು. ಸಮುದ್ರ ಮಾತ್ರ ಆಗಿರಲಿಲ್ಲ. ಈಗ ಆಗುತ್ತದೆ ಎಂದು ಮನೆಮನೆಗೆ ಪೇಢೆ ಹಂಚಿ ಬಂದಳು.

ಆ ಪೇಢೆಯೇ ಮುಳುವಾಯಿತು. ಬಸದಿಯ ಪೂಜಾರಿ ಅಪ್ಪಣ್ಣ ಉಪಾಧ್ಯೆಯವರು ಅಂಗಡಿಗೆ ಬಂದು, ಪೇಢೆ ಬಾಯಿಗೆ ಹಾಕಿಕೊಂಡು, ಅರ್ಧ ಅಗಿದು ನಿಲ್ಲಿಸಿಬಿಟ್ಟರು.

"ಧರಣೇಂದ್ರ, ಹಡಗು ಹತ್ತತೀರಿ, ಛಲೋ ಆತು. ಆದ್ರ ನಿಮ್ಮ ದಿಗ್ವ್ರತದ್ದು ಏನ್ ಮಾಡಿದ್ರಿ?"

ಧರಣೇಂದ್ರ ನೀರಿನ ತಂಬಿಗೆಗೆ ಕೈ ಚಾಚಿದ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ದಿಗ್ವ್ರತವೆಂದರೆ, ಇಂತಿಂಥ ದಿಕ್ಕಿಗೆ ಇಂತಿಷ್ಟು ದೂರ, ಅದರಾಚೆ ಸಾಯುವ ತನಕ ಕಾಲಿಡುವುದಿಲ್ಲ ಎಂದು ಜೈನ ಗೃಹಸ್ಥರು ಗುರುಗಳ ಮುಂದೆ ಹಾಕಿಕೊಳ್ಳುವ ಗಡಿ. ಕೆಲವು ವರ್ಷಗಳ ಹಿಂದೆ ಮಿರಜಿನಲ್ಲಿ ಮುನಿ ಮಹಾರಾಜರೊಬ್ಬರ ಚಾತುರ್ಮಾಸವಾದಾಗ ಒಬ್ಬೊಬ್ಬರಾಗಿ ಎದ್ದು ಗಡಿ ಹೇಳಿದರು. ಧರಣೇಂದ್ರ ಮೈಕು ಹಿಡಿದು, ಉತ್ತರಕ್ಕೆ ಶಿಖರಜಿ, ಪೂರ್ವಕ್ಕೆ ಚಂಪಾಪುರಿ, ದಕ್ಷಿಣಕ್ಕೆ ಶ್ರವಣಬೆಳಗೊಳದ ಬಾಹುಬಲಿಯ ಪಾದ ಎಂದು ಗಂಭೀರವಾಗಿ ಹೇಳುತ್ತಾ ಬಂದ. ಪಶ್ಚಿಮಕ್ಕೆ ಗಿರನಾರ ಎನ್ನಬೇಕಿತ್ತು. ಆದರೆ ಅವನಿಗಿಂತ ಮೊದಲು ಎದ್ದವನು ಆಗಲೇ ಗಿರನಾರ ಎಂದುಬಿಟ್ಟಿದ್ದ. ಅವನ ಎಂಜಲು ಇವನೇಕೆ ಮುಟ್ಟಿಯಾನು? "ಪಶ್ಚಿಮಕ್ಕ, ಸಮುದ್ರದ ದಂಡಿ!" ಎಂದು ಗುಡುಗಿದ. ಚಪ್ಪಾಳೆ ಬಿತ್ತು. ಮಿರಜಿನ ಪೈಪು ಅಂಗಡಿಯವನು ಸಮುದ್ರದ ದಂಡೆ ದಾಟುವ ಪ್ರಸಂಗ ಬರುತ್ತದೆಂದು ಆ ಸಭೆಯಲ್ಲಿ ಯಾರಿಗಾದರೂ ಅನ್ನಿಸಿದ್ದರೆ ಕೇಳಿ.

"ನಾ ಮರತs ಬಿಟ್ಟಿದ್ನಲ್ರಿ," ಎಂದ ಧರಣೇಂದ್ರ, ನೀರು ಕುಡಿದು.

"ಹಾಕಿದ ಗಡಿ ಮರಿಯೂದು ಒಂದು ದೋಷ. ಅದು ಆತು," ಉಪಾಧ್ಯೆಯವರು ಒಂದು ಬೆರಳು ಮಡಿಚಿದರು. "ಗಡಿ ಹಿಗ್ಗಸೂದು ಇನ್ನೊಂದು. ಅದು ಹಡಗಿನಾಗ ಆಗತದ." ಇನ್ನೊಂದು ಬೆರಳು ಮಡಿಚಿ, ಉಳಿದ ಪೇಢೆ ಅಗಿದು ನುಂಗಿದರು.

ಸುದ್ದಿ ಹರಡಲು ಎಷ್ಟು ಹೊತ್ತು? ಸಂಜೆಯ ಹೊತ್ತಿಗೆ ಮಾರುಕಟ್ಟೆಯ ಎಲ್ಲ ಬುದ್ಧಿವಂತರೂ ನನ್ನ ಅಂಗಡಿಯ ಕಟ್ಟೆಯ ಮೇಲೆ ಸೇರಿದರು. ಹಡಗಿಗೂ ಒಂದು ದಂಡಿ ಐತಿ, ಅದರ ಕಟಾಂಜನದ ಒಳಗಿದ್ದರ ದಂಡಿಯೊಳಗ ಇದ್ದಂಗ, ಎಂದನೊಬ್ಬ. ಅರಿಷಿಣದ ದಲಾಲಿ ಅಡತ್ಯಾ ಶಿವಲಿಂಗಪ್ಪನದು ಇನ್ನೂ ಮೇಲು: "ಒಂದು ಬುಟ್ಟಿ ಮಿರಜಿನ ಮಣ್ಣ ಒಯ್ಯರಿ. ಅದರಾಗ ಎರಡೂ ಕಾಲಿಟ್ಟು ಕುಂದ್ರರಿ. ಹಡಗು ಹೋಗತದ, ನೀವು ಹೋಗೂದಿಲ್ಲ!"

ಧರಣೇಂದ್ರ ಎಲ್ಲವನ್ನೂ ಕೇಳಿ ಕೈಮುಗಿದ. "ನಾ ಆಡಿದ ಮಾತಿನಾಗ ನಾನs ತೂತು ಹುಡುಕಿದ್ರ ಅದು ಮಾತು ಹೆಂಗ ಆಗತದ? ನಾ ಹೋಗಾಂಗಿಲ್ಲ. ಅಲಕಾ ಹೋಗತಾಳ."

ಸುಳ್ಳೇಕೆ ಹೇಳಲಿ, ಆ ಕ್ಷಣ ನನಗೆ ಅವನ ಮೇಲೆ ಅಭಿಮಾನ ಉಕ್ಕಿಬಂತು. ಆಡುವಾಗ ಜಂಬಕ್ಕೆ ಆಡಿದ ಮಾತೇ ಇರಬಹುದು. ಉಳಿಸಿಕೊಳ್ಳುವಾಗ ಜಂಬ ಒಂಚೂರೂ ಇರಲಿಲ್ಲ.

ವೈನಿ ಒಪ್ಪಲಿಲ್ಲ. "ನೀವಿಲ್ಲದ ನಾ ಒಲ್ಲೆ. ಮತ್ತ ನನ್ನ ನೇಮದ್ದು?" ಎಂದಳು. ಬಸದಿಯ ದರ್ಶನವಾಗದೆ ಅವಳು ಬಾಯಿಗೆ ನೀರೂ ಹಾಕುವವಳಲ್ಲ. ನಡುಸಮುದ್ರದಲ್ಲಿ ಇದ್ದ ದಿನ ಕಣ್ಣು ಮುಚ್ಚಿ ಒಂಬತ್ತು ಸಲ ಣಮೋಕಾರ ಮಂತ್ರ ಹೇಳಿದರೆ ನಡೆಯುತ್ತದೆಂದು ಉಪಾಧ್ಯೆಯವರು ಸಡಿಲ ಕೊಟ್ಟರು. ಆದರೆ ಹಡಗು ಊರು ಮುಟ್ಟಿದ ದಿನ ಬಸದಿಗೆ ಹೋಗಲೇಬೇಕು. ಹಡಗಿನವರು ತೋರಿಸುವ ಊರಿನಲ್ಲಿ ಚರ್ಚು ಇತ್ತು, ಬೀಚು ಇತ್ತು, ಗೋಡಂಬಿ ಕಾರಖಾನೆ ಇತ್ತು. ಬಸದಿ ಇರಲಿಲ್ಲ.

"ಅದನ್ನ ನನಗ ಬಿಡು," ಎಂದ ಧರಣೇಂದ್ರ. "ನೀ ನೀರಮ್ಯಾಗ ಬಾ, ನಾ ದಂಡಿಮ್ಯಾಗ ಬರತೀನಿ. ಹಡಗು ನಿಂತಲ್ಲೆಲ್ಲಾ ನಾ ಗಾಡಿ ತಗೊಂಡು ನಿಂತಿರತೀನಿ. ದರ್ಶನಾ ಮಾಡಿಸಿ, ಉಣಿಸಿ, ತಿರುಗಿ ಹಡಗು ಹತ್ತಸತೀನಿ. ನನ್ನ ವ್ರತ ನನಗ. ಅದನ್ನ ನಿನ್ನ ಕಾಲಿಗೆ ಹಗ್ಗಾ ಮಾಡಿದ್ರ ನನಗ ಯಾವ ಪುಣ್ಯಾ ಬರತದ?"

ಅವಳ ಜೊತೆಗೆ ಯಾರು ಎಂಬ ಪ್ರಶ್ನೆ ಇನ್ನೂ ಬಾಯಿಗೆ ಬಂದಿರಲಿಲ್ಲ; ನನ್ನ ಹೆಂಡತಿ ನೀಲಾಬಾಯಿ ಬ್ಯಾಗು ತುಂಬಿ ಬಾಗಿಲಲ್ಲಿ ನಿಂತಿದ್ದಳು. "ನಂದೇನೂ ತ್ರಾಸ ಇಲ್ಲವ್ವಾ. ನನ್ನ ದೇವರು ಕೊರಳಾಗ ಐತಿ, ಎಲ್ಲಿ ಹೋದ್ರೂ ಬರತದ," ಎಂದಳು. ಗಂಡನನ್ನು ಕೇಳುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ. ಕಂಪನಿಯವರು ಟಿಕೇಟಿನ ಹೆಸರು ಬದಲಿಸಿಕೊಟ್ಟರು. ಹೀಗೆ ಇಬ್ಬರು ಹೆಂಡಂದಿರು ಕಂಪನಿಯವರ ಜೊತೆ ಮುಂಬಯಿಗೆ ರೈಲು ಹತ್ತಿದರು. ಇಬ್ಬರು ಗಂಡಂದಿರು ಬೆಲ್ಲ ಸಾಗಿಸುವ ನನ್ನ ಓಮ್ನಿ ವ್ಯಾನಿನಲ್ಲಿ, ಬೆಲ್ಲದ ವಾಸನೆಗೆ ಮುತ್ತುವ ನೊಣಗಳ ಸಮೇತ, ಗೋವಾದ ದಾರಿ ಹಿಡಿದೆವು.

ಗೋವಾದಲ್ಲಿ ಸುಸೂತ್ರವಾಯಿತು ಎನ್ನಬೇಕು. ಧರಣೇಂದ್ರನ ದೂರದ ಸಂಬಂಧಿ ಶ್ರೇಣಿಕ ಎಂಬವರು ಬಂದರಿನ ಹತ್ತಿರವೇ ಇದ್ದು, ಮನೆಯಲ್ಲೇ ಜಿನಮೂರ್ತಿಯ ಚೈತ್ಯಾಲಯ ಇಟ್ಟುಕೊಂಡಿದ್ದರು. ಆದರೆ ಬಂದರಿನ ಬಾಗಿಲಲ್ಲಿ ವೈನಿ ಒಬ್ಬಳೇ ಬರಲಿಲ್ಲ. ಜೊತೆಗೆ ಇನ್ನಿಬ್ಬರು ಡೀಲರುಗಳ ಹೆಂಡಂದಿರು. "ನಮಗೂ ಅಷ್ಟು ದರ್ಶನಾ ಮಾಡಸ್ರಿ, ಕಾಕಾ. ಹಡಗಿನವರು ಬರೇ ಬೀಚ್ ತೋರಸಾಕತ್ತಾರ." ಶ್ರೇಣಿಕರ ಮನೆಯವರು ಎಲ್ಲರಿಗೂ ಪೂರಿ, ಶ್ರೀಖಂಡ ಬಡಿಸಿ, ಇನ್ನೊಂದು, ಇನ್ನೊಂದು ಎಂದು ಹಟ ಹಿಡಿದರು. ಧರಣೇಂದ್ರ ಮಾತ್ರ ಗಡಿಯಾರ ನೋಡುತ್ತಾ ಬಾಗಿಲಲ್ಲೇ ಊಟ ಮುಗಿಸಿದ. ಸಂಜೆ ಹಡಗು ಹೊರಟಿತು, ನಾವೂ ಹೊರಟೆವು.

ಮಂಗಳೂರಿನ ಹತ್ತಿರ ಬಂದ ಮೇಲೆ ಹೊಸ ತಕರಾರು. ನನಗೆ ಊರೊಳಗೆ ಹೋಗಿ ಒಂದು ಒಳ್ಳೆಯ ಖಾನಾವಳಿ ನೋಡುವ ಆಸೆ. ಧರಣೇಂದ್ರ ಬಂದರಿನ ಆಚೆಗೆ ಒಂದು ಹೆಜ್ಜೆ ಇಡಲೊಲ್ಲ.

"ನಕಾಶೆದಾಗ ನೋಡು. ಬೆಳಗೊಳದ ಬಾಹುಬಲಿ ಪಾದದಿಂದ ನೆಟ್ಟಗ ಗೆರಿ ಎಳದ್ರ ಇಲ್ಲೇ ಎಲ್ಲೋ ಬರತದ. ಊರಾಗ ಹೋಗಿ ದಕ್ಷಿಣದ ಗಡಿ ದಾಟಿದ್ರ?"

"ಲೇ, ಗೆರಿ ರಸ್ತಾದಮ್ಯಾಲೆ ಬರದಿರತದೇನು?"

"ನನ್ನ ಕಣ್ಣಿಗೆ ಕಾಣೂದಿಲ್ಲ ಅಂತನs ಅಂಜಿಕಿ."

ಹೀಗಾಗಿ ನಾನು ಬಂದರಿನ ಎದುರಿನ ಗೂಡಂಗಡಿಯಲ್ಲೇ ಗೋಳಿಬಜೆ ತಿಂದೆ. ಎರಡು ಪ್ಲೇಟು. ಧರಣೇಂದ್ರ ಮುಟ್ಟಲಿಲ್ಲ. ಹಡಗು ಮುಂಜಾನೆ ಬರಬೇಕಾದದ್ದು ಮಧ್ಯಾಹ್ನ ಕಳೆದು ಬಂತು. ಗೆರೆಯ ಉತ್ತರಕ್ಕೇ ಇರುವ ಮೂಡಬಿದಿರೆಯ ಸಾವಿರ ಕಂಬದ ಬಸದಿಗೆ ಹೋಗಿ, ಹೊತ್ತು ಮುಳುಗುವುದರೊಳಗೆ ವೈನಿಗೆ ಉಣಿಸಿ, ತಿರುಗಿ ತರಬೇಕು. ಹೊತ್ತು ಮುಳುಗಿತೋ, ಆ ದಿನ ಅವಳಿಗೆ ನೀರೂ ಇಲ್ಲ. ತಡವಾಯಿತೋ, ಹಡಗೂ ಇಲ್ಲ. ಸ್ವಂತ ಸುತ್ತಾಟಕ್ಕೆ ಹೋದವರಿಗೆ ಕಾಯುವುದಿಲ್ಲವೆಂದು ಹಡಗಿನವರು ಕಟ್ಟುನಿಟ್ಟಾಗಿ ಹೇಳಿದ್ದರು.

ಅಷ್ಟರಲ್ಲಿ ಬಾಗಿಲಿನಿಂದ ವೈನಿ ಬಂದಳು. ಅವಳ ಹಿಂದೆ ಒಂದು ಮೆರವಣಿಗೆಯೂ ಬಂತು. ಗೋವಾದ ಸುದ್ದಿ ಹಡಗೆಲ್ಲ ಹಬ್ಬಿ, ಡೀಲರುಗಳ ಹೆಂಡಂದಿರು, ಅತ್ತೆಯಂದಿರು, ಒಬ್ಬ ಗುಜರಾತಿ ಅಜ್ಜ, ಎಲ್ಲರೂ "ಧರಣೇಂದ್ರ ಕಾಕಾನ ಟೂರ್" ಎಂದು ಕೇಳಿಕೊಂಡು ಬಂದಿದ್ದರು. ಓಮ್ನಿಗೆ ಮುತ್ತಿದ ನೊಣಗಳಿಗಿಂತ ಇವರೇ ಹೆಚ್ಚಾದರು. ಅಲ್ಲಿ ಸಾಲಾಗಿ ನಿಂತಿದ್ದ ಟ್ಯಾಕ್ಸಿಯವರು ಇದನ್ನು ನೋಡಿ ಸುಮ್ಮನಿರುತ್ತಾರೆಯೇ? ಅವರ ಸಂಘದ ಅಧ್ಯಕ್ಷರು ಲುಂಗಿ ಎತ್ತಿ ಕಟ್ಟಿಕೊಂಡು ಬಂದರು.

"ಎಂತದು ಮಾರಾಯ್ರೆ, ಪರ್ಮಿಟ್ ಇಲ್ಲದೆ ಟೂರು ಮಾಡ್ಲಿಕ್ಕೆ ಬಂದದ್ದಾ? ನೀವು ಯಾವ ಕಂಪನಿ?"

"ನಾ ಕಂಪನಿ ಅಲ್ರಿ. ಪ್ಯಾಸೆಂಜರ್," ಎಂದ ಧರಣೇಂದ್ರ.

"ಯಾವ ಹಡಗಿನ ಪ್ಯಾಸೆಂಜರು?"

"ಇದs ಹಡಗು."

"ಹಾಗಾದ್ರೆ ಹಡಗಿಂದ ಇಳೀಬೇಕಲ್ಲ? ನೀವು ವ್ಯಾನಿಂದ ಇಳಿದದ್ದು ನಾನೇ ನೋಡಿದ್ದೇನೆ."

"ಹಡಗ ಹತ್ತಿಲ್ರಿ. ಸಮುದ್ರದ ದಂಡಿ ದಾಟಂಗಿಲ್ಲ ಅಂತ ವ್ರತ ಐತಿ."

"ಮತ್ತೆ ಟಿಕೇಟು ಯಾಕೆ ತೆಗ್ದದ್ದು?"

"ತಗದಿಲ್ರಿ. ಬಕ್ಷೀಸ್ ಬಂದಿತ್ತು."

ಅಧ್ಯಕ್ಷರು ತಲೆ ಕೆರೆದುಕೊಂಡರು. "ಈಗ ಹಡಗಲ್ಲಿ ನಿಮ್ಮ ಹೆಂಡತಿ ಜೊತೆ ನಿಮ್ಮ ಜಾಗದಲ್ಲಿ ಇರೋದು ಯಾರು?"

ಧರಣೇಂದ್ರ ನನ್ನ ಕಡೆ ಬೆರಳು ಮಾಡಿದ. "ಇವನ ಹೆಂಡತಿ."

ಸುತ್ತ ನಿಂತ ಟ್ಯಾಕ್ಸಿಯವರೆಲ್ಲ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಪೊಲೀಸರಿಗೆ ಫೋನು ಮಾಡುವುದೇ ಒಳ್ಳೆಯದೆಂದು ಒಬ್ಬ ಹೇಳಿದ. ಹೊತ್ತು ಜಾರುತ್ತಿತ್ತು. ಆಗ ವೈನಿ ಮುಂದೆ ಬಂದಳು. ತುಟಿಗಳು ಒಣಗಿ ಬಿರಿದಿದ್ದವು.

"ಅಣ್ಣಾ, ನಿನ್ನಿ ಸಂಜಿಂದ ಹನಿ ನೀರು ಕುಡದಿಲ್ರಿ. ಬಸದಿ ಕಾಣದ ಕುಡಿಯಾಂಗಿಲ್ಲ. ಅದಕ್ಕ ಇವರು ಮಿರಜದಿಂದ ದಂಡಿ ಹಿಡದು ಹಡಗಿನ ಹಿಂದ ಬರಾಕತ್ತಾರ. ನೀವು ಬೈಯೂದು ಇದ್ರ ದರ್ಶನಾ ಆದಮ್ಯಾಲೆ ಬೈಯರಿ, ನಾವೇನೂ ಓಡಿ ಹೋಗೂದಿಲ್ಲ."

ಅಧ್ಯಕ್ಷರು ಎತ್ತಿ ಕಟ್ಟಿದ ಲುಂಗಿ ಕೆಳಗಿಳಿಸಿದರು. "ಮಿರಜದಿಂದ?" ಎಂದರು. ಧರಣೇಂದ್ರನ ಕಡೆ ತಿರುಗಿ, "ನೀವಾದ್ರೂ ಎಂತಾದ್ರು ತಿಂದ್ರಾ?" ಎಂದರು.

"ಆಕಿ ಹಸದು ಬರೂ ದಿನ ನನಗ ಹೆಂಗ ಇಳೀತದ್ರಿ?"

ಆಮೇಲೆ ಅವರು ನನ್ನನ್ನು ನೋಡಿದರು. ನನ್ನ ಮೀಸೆಯಲ್ಲಿ ಗೋಳಿಬಜೆಯ ಚೂರು ಇತ್ತೆಂದು ನನಗೆ ಆಗ ನೆನಪಾಯಿತು.

"ಇಂಥ ಗಂಡಸನ್ನು ನಾನು ಇಷ್ಟರವರೆಗೆ ನೋಡ್ಲಿಲ್ಲ ಮಾರಾಯ್ರೆ," ಎಂದರು ಅಧ್ಯಕ್ಷರು. ನನಗಲ್ಲ, ಅವನಿಗೆ. "ಹತ್ತಿ ಎಲ್ಲರೂ! ನಮ್ಮ ಗಾಡಿ ಉಂಟು. ಬಾಡಿಗೆ ಗೀಡಿಗೆ ಆಮೇಲೆ ಮಾತಾಡುವ."

ಮುಂದೆ ಅಧ್ಯಕ್ಷರ ಟ್ಯಾಕ್ಸಿ, ನಡುವೆ ನಮ್ಮ ಓಮ್ನಿ, ಹಿಂದೆ ಮೂರು ಟ್ಯಾಕ್ಸಿ. ರಸ್ತೆ ಅಗೆದಲ್ಲೆಲ್ಲ ಅಧ್ಯಕ್ಷರು ತಲೆ ಹೊರಗೆ ಹಾಕಿ ತುಳುವಿನಲ್ಲಿ ಅದೇನೋ ಕೂಗುತ್ತಿದ್ದರು, ಲಾರಿಗಳು ಪಕ್ಕಕ್ಕೆ ಸರಿಯುತ್ತಿದ್ದವು. ಮಂತ್ರಿಗಳ ಕಾರಿಗಾದರೂ ಅಷ್ಟು ಮರ್ಯಾದೆ ಸಿಕ್ಕೀತೇ?

ಬಸದಿಯ ಒಳಗೆ ಹೋದ ಮೇಲೆ ಮಾತ್ರ ಎಲ್ಲರ ಗದ್ದಲ ತಾನಾಗಿ ನಿಂತಿತು. ಆ ಕಂಬಗಳ ನಡುವೆ ನಿಂತು ವೈನಿ ಕೈಮುಗಿದು ಕಣ್ಣು ಮುಚ್ಚಿದಳು. ನಾನೂ ಕೊರಳ ಲಿಂಗಕ್ಕೆ ಕೈ ಹಚ್ಚಿ, ಈ ಹೆಣ್ಣುಮಗಳಿಗೆ ಹಡಗು ತಪ್ಪದಿರಲಿ ಎಂದು ಬೇಡಿಕೊಂಡೆ. ಹೊರಗೆ ಬಂದು ಜಗಲಿಯ ಮೇಲೆ ಧರಣೇಂದ್ರ ಡಬ್ಬಿ ಬಿಚ್ಚಿದ. ಶ್ರೇಣಿಕರ ಮನೆಯ ಭಕ್ಕರಿ, ಶೇಂಗಾ ಹಿಂಡಿ, ಸೋಸಿ ಕಾಸಿ ಆರಿಸಿದ ನೀರು. ಅವಳು ನೀರಿನ ಮೊದಲ ಗುಟುಕು ನುಂಗಿದ ಮೇಲೆಯೇ ಅವನು ಭಕ್ಕರಿಗೆ ಕೈ ಹಾಕಿದ್ದು.

ತಿರುಗಿ ಬಂದರಿನ ಬಾಗಿಲು ಮುಟ್ಟುವಾಗ ಹಡಗು ಹೊರಡುವ ಹೊತ್ತು ಮೀರಿತ್ತು. ಎಲ್ಲರೂ ಸೆರಗು ಸಿಕ್ಕಿಸಿಕೊಂಡು ಒಳಗೆ ಓಡಿದರು. ಒಳಗಿನ ಸಂಗತಿ ನಮಗೆ ಆಮೇಲೆ ತಿಳಿದದ್ದು: ನಮ್ಮ ನೀಲಾಬಾಯಿ ಗೋಡಂಬಿ ಕಾರಖಾನೆ ನೋಡಿ ಬಂದು, ಗೆಳತಿ ಇನ್ನೂ ಬಂದಿಲ್ಲವೆಂದು ಗೊತ್ತಾಗಿ, ಹಡಗಿಗೆ ಹತ್ತುವ ನಿಚ್ಚಣಿಕೆಯ ಸರಿಯಾಗಿ ನಡುವೆ ಕುಳಿತುಬಿಟ್ಟಿದ್ದಳಂತೆ. "ಮಣಕಾಲು ಹಿಡದೈತಿ, ಏಳಾಕ ಆಗವಲ್ದು" ಎಂದು ಒಂದೇ ಹಟ. ನಾಲ್ಕು ಮಂದಿ ಬಂದು ಎಬ್ಬಿಸಿದರೂ ಏಳಲಿಲ್ಲ. ದೂರದಲ್ಲಿ ವೈನಿಯ ಸೀರೆ ಕಂಡದ್ದೇ ತಡ, ಥಟ್ಟನೆ ಎದ್ದು ಟಕಟಕ ಮೇಲೆ ನಡೆದಳಂತೆ. ಆ ಮೊಣಕಾಲು ನಮ್ಮ ಮನೆಯಲ್ಲಿ ನೀರು ತರಲು ಹೇಳಿದಾಗ ಹಿಡಿಯುತ್ತದೆ. ಅದರಿಂದ ಲೋಕಕ್ಕೆ ಉಪಕಾರವಾದದ್ದು ಇದೇ ಮೊದಲು.

ಹಡಗು ಹೊರಟಿತು. ನಾವಿಬ್ಬರೂ ಪಕ್ಕದ ಬೀಚಿಗೆ ಹೋಗಿ ನಿಂತೆವು. ತೆರೆ ಬಂದಾಗ ಧರಣೇಂದ್ರ ಹಿಂದಕ್ಕೆ ಜಿಗಿಯುತ್ತಿದ್ದ, ತೆರೆ ಹೋದಾಗ ಮುಂದೆ ಬರುತ್ತಿದ್ದ. ಅವನ ಗಡಿಯೇ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ನಾನು ನಗಲು ಬಾಯಿ ತೆರೆದೆ. ಅವನ ಮುಖ ನೋಡಿ ಮುಚ್ಚಿದೆ.

"ಗುರುಪಾದ, ಆಕಿ ಅಲ್ಲಿ ಖುಷಿಲೆ ಇದ್ದಾಳು ಅಂತೀಯೇನು? ಒಂದು ಹುಚ್ಚು ಮಾತಾಡಿ ಆಕಿನ್ನ ಒಬ್ಬಾಕಿನ್ನ ಮಾಡಿದೆ ನಾ. ಆಕಿ ಹಡಗಿನಾಗ ಮಾರಿ ಸಣ್ಣದು ಮಾಡಿ ಕುಂತಿದ್ರ, ನಾ ಇಷ್ಟೆಲ್ಲಾ ಓಡಿದ್ದು ವ್ಯರ್ಥ."

ನಾಳೆ ಇಡೀ ದಿನ ನಡುಸಮುದ್ರ, ಮುಂಬಯಿಯಲ್ಲೇ ಕೇಳೋಣ ಎಂದೆ.

ಮುಂಬಯಿ ತನಕ ಅವನು ಅದನ್ನೇ ಕೇಳಿ ನನ್ನ ತಲೆ ತಿಂದ. ಅಲ್ಲಿ ಬಂದರಿನ ಹೊರಗೆ ನಿಂತೆವು. ವೈನಿ ಬ್ಯಾಗು ಹಿಡಿದು ಬಂದಳು, ಹಿಂದೆ ನೀಲಾಬಾಯಿ.

"ಹೆಂಗಿತ್ತು ನಡುಸಮುದ್ರ?" ಎಂದ ಧರಣೇಂದ್ರ.

ವೈನಿ ತಲೆ ತಗ್ಗಿಸಿದಳು. "ಏನ್ ಹೇಳೂದ್ರಿ. ಎತ್ತಾಗ ನೋಡಿದ್ರೂ ನೀರು. ನೀವಿಲ್ಲದ ಬಣಬಣ ಅನಸತಿತ್ತು. ಇಡೀ ದಿನ ಕಿಡಕಿ ಮುಂದ ಕುಂತು ಜಪಾ ಮಾಡಿದೆ."

ಗಂಡನಿಗೆ ಸಮಾಧಾನವಾಗಲಿ ಎಂದು ಆಡಿದ ಮಾತು. ಧರಣೇಂದ್ರನ ಮುಖ ಬಾಡಿಹೋಯಿತು. ಅವನು ಕಣ್ಣೊರೆಸಿಕೊಳ್ಳಲು ಟವೆಲು ತೆಗೆಯುವುದಕ್ಕೂ ನನ್ನ ಹೆಂಡತಿ ಬಾಯಿ ತೆರೆಯುವುದಕ್ಕೂ ಸರಿಹೋಯಿತು.

"ಅಯ್ಯ, ಸುಳ್ಳು! ಎಲ್ಲಿ ಜಪಾ? ಎಷ್ಟು ಕುಣದಾಳ ಅಂತೀರಿ! ಹಡಗಿನ ನೆತ್ತಿಮ್ಯಾಲೆ ನಿಂತು ಫುಗಡಿ! ಎಲ್ಲಾ ಡೀಲರ್ ಹೆಂಡ್ರನ್ನ ಆಡಿಸಿ ಸುಸ್ತ್ ಮಾಡಿ, ಹಡಗಿನ ಮೇಮಸಾಹೇಬ ಒಬ್ಬಾಕಿನ್ನೂ ಹಿಡದು ತಿರುವ್ಯಾಳ. ಆಕಿ ಇನ್ನೂ ಮಲಗಿಕೊಂಡಾಳ. ಮಂದಿ ಎದ್ದು ನಿಂತು ಟಾಳಿ ಹೊಡದಾರ!"

"ನೀಲಾ!" ಎಂದಳು ವೈನಿ. ಮುಖ ಕೆಂಪಾಗಿತ್ತು.

"ಖರೇನ ಕುಣದ್ಯಾ?" ಎಂದ ಧರಣೇಂದ್ರ.

"ಹೌದ್ರಿ," ಎಂದಳು ಅವಳು ಸಣ್ಣ ದನಿಯಲ್ಲಿ. "ಭಾಳ ಛಲೋ ಅನಸ್ತು."

ಮಿರಜು ಬಿಟ್ಟ ಮೇಲೆ ಧರಣೇಂದ್ರ ನಕ್ಕದ್ದು ಆಗಲೇ. ನಕ್ಕ ನಕ್ಕ, ಕಣ್ಣಲ್ಲಿ ನೀರು ಬರುವ ತನಕ ನಕ್ಕ. "ಗೆದ್ದೆ ಬಿಡು ನಾ!" ಎಂದ ನನ್ನ ಬೆನ್ನಿಗೆ ಗುದ್ದಿ. ಆಮೇಲೆ ಅವಳ ಕಡೆ ತಿರುಗಿ, "ಹೆಂಗ ಆಡಿದಿ? ನಾ ನೋಡಿಲ್ಲಲ್ಲ. ತೋರಸು," ಎಂದ.

"ಇಲ್ಲೇ? ರಸ್ತಾದಾಗ? ಫುಗಡಿ ಒಬ್ಬಾಕಿ ಆಡೂದಲ್ರಿ, ಜೋಡಿ ಬೇಕು."

ಧರಣೇಂದ್ರ ಚಪ್ಪಲಿ ಬಿಟ್ಟ. ಎರಡೂ ಕೈ ಮುಂದೆ ಚಾಚಿದ.

ಸೇತುವೆಯ ಮೇಲೆ ಕಣ್ಣು ಮುಚ್ಚಿಕೊಳ್ಳುವ ಆ ಗಂಡಸು, ಅರವತ್ತರ ಹತ್ತಿರದ ಮನುಷ್ಯ, ಮುಂಬಯಿಯ ಬೀದಿಯಲ್ಲಿ ಹೆಂಡತಿಯ ಕೈ ಹಿಡಿದು ಗಿರಗಿರ ತಿರುಗಿದ. ಹಮಾಲರು ಸಾಮಾನು ಇಳಿಸಿ ನೋಡಿದರು. ಸೆಕ್ಯುರಿಟಿಯವನು ಸೀಟಿ ಊದಲು ಹೋಗಿ ಮರೆತ. ಅಲಕಾ ವೈನಿಯ ಕಾಲು ಸಾಂಗ್ಲಿವಾಡಿಯ ಹುಡುಗಿಯದೇ ಕಾಲು, ಒಂದು ಹೆಜ್ಜೆ ತಪ್ಪಲಿಲ್ಲ. ನಮ್ಮ ನೀಲಾಬಾಯಿ ನನ್ನ ಕಡೆ ನೋಡಿದಳು. ನಾನು ಓಮ್ನಿಯ ಟಾಯರು ಪರೀಕ್ಷಿಸತೊಡಗಿದೆ.

ಕೈ ಬಿಟ್ಟ ಮೇಲೆ ಧರಣೇಂದ್ರ ನಿಲ್ಲಲಾರದೆ ಬ್ಯಾಗಿನ ಮೇಲೆ ಕುಸಿದ. ತಲೆ ಹಿಡಿದುಕೊಂಡು, ಹೊಟ್ಟೆ ತೊಳಸಿ, ಲಿಂಬೆಹಣ್ಣು ಮೂಸುತ್ತಾ ಓಮ್ನಿಯಲ್ಲಿ ಮಲಗಿದವನು ಪುಣೆ ದಾಟಿದ ಮೇಲೆ ಎದ್ದ.

ಮರುದಿನ ಮಾಲಗಾಂವದ ಗಿರಾಕಿಯೊಬ್ಬರು ಅಂಗಡಿಗೆ ಬಂದರು. ನಡೆದದ್ದೇನೂ ಅವರಿಗೆ ಗೊತ್ತಿರಲಿಲ್ಲ. "ಏನ್ ಧರಣೇಂದ್ರ, ಹಡಗಿನ ಪ್ರವಾಸ ಆತಂತ? ತಲಿ ತಿರಗತದ ಅಂತಾರಲ್ಲ, ಖರೇನ?" ಎಂದು ಕೇಳಿದರು.

ಗೋಡೆಯ ಈಚೆ ನಾನು ಕಿವಿ ನಿಮಿರಿಸಿದೆ. ಸತ್ಯವ್ರತವೂ ಇರುವ ಮನುಷ್ಯ, ಈಗೇನು ಹೇಳುತ್ತಾನೆ?

"ತಿರಗತದ್ರಿ," ಎಂದ ಧರಣೇಂದ್ರ, ಪೈಪು ಅಳೆಯುತ್ತಾ. "ಆದ್ರ ಜೋಡಿ ಛಲೋ ಇದ್ರ ಕೈ ಬಿಡಬಾರದು."